ಗೈರು ಮಟ್ಟೆಪಾಳ್ಯ

ತಿಪಟೂರು ತಾಲ್ಲೂಕಿನ ಮಟ್ಟೆಪಾಳ್ಯದಲ್ಲಿ ಮೊಬೈಲ್ ನೆಟ್‌ವರ್ಕ್ ಇದೆ. ಇದು ಯಾರೋ ದಾರಿಹೋಕರು ಹೇಳಿದ ಮಾತಲ್ಲ. ಸಮೃದ್ಧ ಸಂಪರ್ಕ ಇಲಾಖೆಯೇ ಊರಿನ ಬಸ್‌ಸ್ಟಾಪಿನಲ್ಲಿ ಹಸಿರು ಬೋರ್ಡು ನೆಟ್ಟು, ‘ಸಂಪೂರ್ಣ 5ಜಿ ಗ್ರಾಮ’ ಎಂದು ಬರೆಸಿದೆ. ಬೋರ್ಡು ಉದ್ಘಾಟನೆಯ ದಿನ ಶಾಮಿಯಾನ ಹಾಕಿ, ಕೇಸರಿಬಾತು ಹಂಚಿ, ನಲವತ್ತು ಫೋಟೊ ತೆಗೆಯಲಾಯಿತು. ಆ ಫೋಟೊಗಳನ್ನು ಮೇಲಿನವರಿಗೆ ಕಳಿಸಲು ಸಾಹೇಬರು ಜೀಪು ಹತ್ತಿ ತಿಪಟೂರಿನವರೆಗೆ ಹೋಗಬೇಕಾಯಿತು. ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಈ ಊರಿನ ಮರುಳಸಿದ್ದಯ್ಯನವರಿಗೆ ಅರವತ್ತೊಂಬತ್ತು ವರ್ಷ, ಇನ್ನೂರು ತೆಂಗಿನ ಮರ, ಮತ್ತು ಮನೆಯುದ್ದಕ್ಕೂ ಅಟ್ಟ. ಅಟ್ಟದ ಮೇಲೆ ಹನ್ನೊಂದು ತಿಂಗಳಿಂದ ಕೂತಿದ್ದ ಎಂಟು ಸಾವಿರ ಕಾಯಿ ಒಳಗೊಳಗೇ ನೀರು ಬತ್ತಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಎನ್ನುತ್ತಿದ್ದವು. ಅಂದರೆ ಕೊಬ್ಬರಿಯಾಗಿದ್ದವು. ಅಂಗಳದಲ್ಲಿ ಆಗಲೇ ಹೊಸ ಕಾಯಿಯ ರಾಶಿ ಬಿದ್ದಿತ್ತು. ಮಳೆ ಹಿಡಿಯುವುದರೊಳಗೆ ಹಳೆಯದು ಇಳಿಯಬೇಕು, ಹೊಸದು ಏರಬೇಕು. ತಡವಾದರೆ ಅಂಗಳದ ಕಾಯಿ ಅಲ್ಲೇ ಮೊಳಕೆಯೊಡೆಯುತ್ತದೆ, ಒಂದು ವರ್ಷದ ದುಡಿಮೆ ನೀರುಪಾಲಾಗುತ್ತದೆ.

ಕೊಬ್ಬರಿ ಇಳಿಯಬೇಕಾದರೆ ಖರೀದಿ ಕೇಂದ್ರದಲ್ಲಿ ನೋಂದಣಿಯಾಗಬೇಕು. ನೋಂದಣಿಯನ್ನೂ ಇದೇ ಇಲಾಖೆಗೆ ವಹಿಸಲಾಗಿತ್ತು. ಅದರ ಸುತ್ತೋಲೆ ಸರಳವಾಗಿತ್ತು: ‘ರೈತನು ಸ್ವಗ್ರಾಮದಲ್ಲಿ ಹಾಜರಿದ್ದುಕೊಂಡು, ತನ್ನ ಮೊಬೈಲಿಗೆ ಬರುವ ಓಟಿಪಿಯನ್ನು ಎರಡು ನಿಮಿಷದೊಳಗೆ ನಮೂದಿಸತಕ್ಕದ್ದು. ಫೋನಿನ ನೆಟ್‌ವರ್ಕ್ ಸೆಟ್ಟಿಂಗನ್ನು ಗ್ರಾಮದ ಘನತೆಗೆ ತಕ್ಕಂತೆ 5ಜಿಯಲ್ಲೇ ಇಟ್ಟುಕೊಳ್ಳತಕ್ಕದ್ದು. ಶನಿವಾರ ಕಡೆಯ ದಿನ.’

ಮರುಳಸಿದ್ದಯ್ಯನವರು ಸೆಟ್ಟಿಂಗನ್ನು 5ಜಿಯಲ್ಲೇ ಇಟ್ಟರು. ಫೋನಿನ ನೆತ್ತಿಯ ಮೇಲೆ 5ಜಿ ಎಂದು ಕಾಣುತ್ತಲೇ ಇತ್ತು. ಓಟಿಪಿ ಮಾತ್ರ ಬರಲಿಲ್ಲ. ಕಾಯಿಯನ್ನು ದಿನಾ ಮುಟ್ಟಿ ಮುಟ್ಟಿ ನೋಡುವವನ ಅಟ್ಟದಲ್ಲಿ ಕೊಬ್ಬರಿ ಆಗುವುದಿಲ್ಲ ಎಂಬುದು ಅವರ ಐವತ್ತು ವರ್ಷದ ಅನುಭವ. ಆದ್ದರಿಂದ ಭಾನುವಾರ ಫೋನನ್ನು ಅಟ್ಟಕ್ಕೆ ಹತ್ತಿಸಿ, ಒಳ್ಳೆಯ ನಾಲ್ಕು ಕಾಯಿಗಳ ನಡುವೆ ಇಟ್ಟು, ಯಾರೂ ಮುಟ್ಟಕೂಡದೆಂದು ಹೇಳಿ ಇಳಿದು ಬಂದರು. ಮಂಗಳವಾರ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಏನೂ ಕೇಳಿಸಲಿಲ್ಲ.

“ಏನ್ರೀ, ಅದು ಗಟಗಟ ಅಂತದಾ?” ಅಂದರು ಹೆಂಡತಿ ಶಿವರುದ್ರಮ್ಮ. “ಕೊಡಿ ಇಲ್ಲಿ. ಮಾಯಸಂದ್ರದಿಂದ ನನ್ನ ತಂಗಿ ಫೋನು ಮಾಡಿದ್ರೆ ಬತ್ತಿರ್ಲಿಲ್ಲ. ಸೆಟ್ಟಿಂಗ್‌ಗೆ ಹೋಗಿ 2ಜಿಗೆ ಹಾಕ್ಕೊಂಡೆ. ಈಗ ಬ್ಯಾಡ ಅಂದ್ರೂ ಬತ್ತದೆ.”

“5ಜಿ ಊರಲ್ಲಿದ್ಕೊಂಡು 2ಜಿಗೆ ಹಾಕೋದಾ? ಮರ್ಯಾದೆ ಪ್ರಶ್ನೆ ಕಣೇ.”

“ಮರ್ಯಾದೆ ಅಟ್ಟದ ಮ್ಯಾಲೆ ಕೊಳೀತಾ ಅದೆ. ಸುಮ್ನಿರಿ.”

ಸೌತೆಕಾಯಿ ಹೆಚ್ಚುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರು ಗಂಡನ ಫೋನನ್ನು 2ಜಿಗೆ ತಿರುಗಿಸಿದರು. ಓಟಿಪಿ ಬಂದೇ ಬಂತು. ಮರುಳಸಿದ್ದಯ್ಯನವರು ಜಗಲಿಯ ಮೇಲೆ ಕೂತು ಆರು ಅಂಕಿಯನ್ನೂ ಒಂದೊಂದಾಗಿ ಒತ್ತಿದರು. ಉತ್ತರ ಬಂತು: ‘ನೀವು ಗ್ರಾಮದಲ್ಲಿ ಇರುವುದಿಲ್ಲ.’

ಬುಧವಾರ ಮೊದಲ ಬಸ್ಸಿಗೆ ನೊಣವಿನಕೆರೆಯ ಕೌಂಟರಿಗೆ ಹೋದರು. ಅಲ್ಲಿದ್ದವರು ಇಲಾಖೆಯ ಹಾಜರಾತಿ ಪರಿಶೀಲಕ ಬೆಟ್ಟಸ್ವಾಮಿ. ಒಳ್ಳೆಯ ಮನುಷ್ಯ. ಯಾರ ಮೇಲೂ ರೇಗಿದವರಲ್ಲ, ಯಾರ ಕೆಲಸವನ್ನೂ ಮಾಡಿಕೊಟ್ಟವರೂ ಅಲ್ಲ.

“ಯಜಮಾನ್ರೇ, ನಿಮ್ಮೂರು ಪೂರ್ತಿ 5ಜಿ. ನಿಮಗೆ ಮೆಸೇಜು ಬಂದಿರೋದು 2ಜಿಲಿ. ಅಂದ್ಮೇಲೆ ನೀವು ಊರಲ್ಲಿ ಇರ್ಲಿಲ್ಲ. ನಿಯಮ ಹದಿನಾಲ್ಕು.”

“ನಾನು ನಮ್ಮನೆ ಜಗಲಿ ಮೇಲೆ ಕೂತಿದ್ದೆ ಕಣಪ್ಪ.”

“ಕೂತಿರಬಹುದು. ದಾಖಲೆ ಪ್ರಕಾರ ಕೂತಿಲ್ಲ.”

“5ಜಿಗೆ ಹಾಕಿದ್ರೆ ಮೆಸೇಜೇ ಬರಲ್ವಲ್ಲ.”

“ಬರದಿದ್ರೆ ಏನಾಯ್ತು? ಊರಲ್ಲಿ ಇರ್ತೀರಲ್ಲ.”

ಮರುಳಸಿದ್ದಯ್ಯನವರಿಗೆ ಇದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಲು ಆಗಲಿಲ್ಲ. ತಾವು ಊರಲ್ಲೇ ಇರುವುದನ್ನು ಸಾಬೀತು ಮಾಡಲು ಸ್ಥಳ ಮಹಜರು ಆಗಬೇಕೆಂದು ಅರ್ಜಿ ಬರೆದುಕೊಟ್ಟು ಬಂದರು.

ಗುರುವಾರ ಬೆಟ್ಟಸ್ವಾಮಿ ಖುದ್ದಾಗಿ ಬಂದರು. ಪಕ್ಕದ ಮನೆಯ ಕೆಂಪಯ್ಯ, ಮರ ಹತ್ತಿ ಕಾಯಿ ಕೆಡವುವವನು, ಸಾಕ್ಷಿಯಾಗಿ ನಿಂತ. ಮರುಳಸಿದ್ದಯ್ಯನವರನ್ನು ಜಗಲಿಯ ಮೇಲೆ ಕೂರಿಸಿ ಫೋಟೊ ತೆಗೆದದ್ದಾಯಿತು. ಫೋಟೊ ಇಲಾಖೆಯ ಆ್ಯಪಿಗೆ ಹೋಗಬೇಕು. ಬೆಟ್ಟಸ್ವಾಮಿಯವರ ಫೋನು 5ಜಿಯಲ್ಲಿ ಮುಕ್ಕಾಲು ಗಂಟೆ ತಿರುಗಿತು. ಅಷ್ಟರಲ್ಲಿ ಅವರು ಎರಡು ಲೋಟ ಮಜ್ಜಿಗೆ, ಒಂದು ಎಳನೀರು ಕುಡಿದಿದ್ದರು. ಕೊನೆಗೆ ಶಿವರುದ್ರಮ್ಮ, “ಕೊಡಿ ಸ್ವಾಮಿ ಇಲ್ಲಿ,” ಎಂದು ಅದನ್ನೂ 2ಜಿಗೆ ತಿರುಗಿಸಿಕೊಟ್ಟರು. ಫೋಟೊ ಮೆಲ್ಲಗೆ ಹೋಯಿತು. ಹಿಂದೆಯೇ ಉತ್ತರ ಬಂತು: ‘ಪರಿಶೀಲಕರು ಗ್ರಾಮದಲ್ಲಿ ಇರುವುದಿಲ್ಲ. ದಿನಭತ್ಯೆ ತಡೆಹಿಡಿಯಲಾಗಿದೆ.’

ಬೆಟ್ಟಸ್ವಾಮಿಯವರ ಮುಖದಲ್ಲಿ ಮೊದಲ ಸಲ ಬಣ್ಣ ಬದಲಾಯಿತು. “ಇದು ಅನ್ಯಾಯ ಕಣ್ರೀ. ನಾನು ಇಲ್ಲೇ ಇದ್ದೀನಲ್ಲ,” ಅಂದರು.

“ಇರಬಹುದು ಬುಡಿ,” ಅಂದ ಕೆಂಪಯ್ಯ.

ರೈತನೊಬ್ಬ ಊರಲ್ಲಿಲ್ಲದಿದ್ದರೆ ಕಡತ ಕದಲಲು ಆರು ತಿಂಗಳು ಹಿಡಿಯುತ್ತದೆ. ಅಧಿಕಾರಿಯ ಭತ್ಯೆ ನಿಂತಿದ್ದರಿಂದ ಶುಕ್ರವಾರ ಬೆಳಗ್ಗೆಯೇ ಆದೇಶ ಹೊರಟಿತು. ಬೋರ್ಡು ತೆಗೆಯುವ ಮಾತು ಅದರಲ್ಲಿ ಇರಲಿಲ್ಲ, ಯಾಕೆಂದರೆ ಬೋರ್ಡಿನ ಬಿಲ್ಲು ಪಾಸಾಗಿತ್ತು. ಬದಲಿಗೆ ಹೀಗಿತ್ತು: ‘ಮಟ್ಟೆಪಾಳ್ಯದಲ್ಲಿ ಇದ್ದೂ ಇಲ್ಲದವರ ಅನುಕೂಲಕ್ಕಾಗಿ ಗೈರು ಮಟ್ಟೆಪಾಳ್ಯ ಎಂಬ ಹೊಸ ಗ್ರಾಮವನ್ನು ಅದೇ ಸ್ಥಳದಲ್ಲಿ ರಚಿಸಲಾಗಿದೆ. ಫೋನನ್ನು 2ಜಿಯಲ್ಲಿ ಇಟ್ಟವರು ಗೈರು ಮಟ್ಟೆಪಾಳ್ಯದ ನಿವಾಸಿಗಳು. 5ಜಿಯಲ್ಲಿ ಇಟ್ಟವರು ಮೂಲ ಮಟ್ಟೆಪಾಳ್ಯದವರು. ಎರಡೂ ಗ್ರಾಮಗಳಿಗೆ ಶ್ರೀ ಬೆಟ್ಟಸ್ವಾಮಿಯವರು ಪ್ರತ್ಯೇಕ ಭತ್ಯೆಯೊಂದಿಗೆ ಪರಿಶೀಲಕರಾಗಿರತಕ್ಕದ್ದು.’ ಬಸ್‌ಸ್ಟಾಪಿನ ಬೋರ್ಡಿನ ಹಿಂಭಾಗ ಖಾಲಿ ಇತ್ತು. ಅಲ್ಲಿ ಹೊಸ ಊರಿನ ಹೆಸರು ಬರೆಸಿದರು. ತುರುವೇಕೆರೆಯಿಂದ ಬರುವವರಿಗೆ ಒಂದು ಊರು, ತಿಪಟೂರಿನಿಂದ ಬರುವವರಿಗೆ ಇನ್ನೊಂದು.

ಮಧ್ಯಾಹ್ನದೊಳಗೆ ಊರಿಗೆ ಊರೇ ಗೈರಾಯಿತು. ಯಾರೂ ಪಾತ್ರೆಪಗಡೆ ಹೊರಬೇಕಾಗಲಿಲ್ಲ. ಮರುಳಸಿದ್ದಯ್ಯನವರೂ 2ಜಿಗೆ ಹಾಕಿಕೊಂಡು, ಓಟಿಪಿ ಪಡೆದು, ಒತ್ತಿದರು. ಫೋನು ಹೇಳಿತು: ‘ನೀವು ಗೈರು ಮಟ್ಟೆಪಾಳ್ಯದಲ್ಲಿ ಹಾಜರಿದ್ದೀರಿ. ಸದರಿ ಗ್ರಾಮದಲ್ಲಿ ತೆಂಗಿನ ಮರಗಳಿಲ್ಲ.’

“ಮರ ಎಲ್ಲಾ ಮೂಲ ಊರಲ್ಲೇ ಉಳ್ಕೊಂಡವೆ ಯಜಮಾನ್ರೇ,” ಅಂದರು ಬೆಟ್ಟಸ್ವಾಮಿ. ಎರಡು ಊರಿನ ಪರಿಶೀಲನೆಗೆಂದು ಅವರು ಆ ದಿನ ಅದೇ ಜಗಲಿಗೆ ಎರಡನೇ ಸಲ ಬಂದಿದ್ದರು. “ಮರಕ್ಕೆ ಫೋನಿಲ್ವಲ್ಲ, ಹೆಂಗೆ ಬದಲಾಯಿಸೋದು? 5ಜಿಲಿದ್ರೆ ನಿಮಗೆ ಮರ ಐತೆ, ಓಟಿಪಿ ಇಲ್ಲ. 2ಜಿಲಿದ್ರೆ ಓಟಿಪಿ ಐತೆ, ಮರ ಇಲ್ಲ. ಸರಿಯಾದ ಸೆಟ್ಟಿಂಗ್ ಆರಿಸಿಕೊಳ್ಳೋದು ರೈತರ ಜವಾಬ್ದಾರಿ.”

ಮರುಳಸಿದ್ದಯ್ಯನವರು ಅಂಗಳದ ರಾಶಿಯನ್ನೇ ನೋಡುತ್ತ ಕೂತರು. ಚಿಕ್ಕನಾಯಕನಹಳ್ಳಿಯ ಕಡೆಗೆ ಮೋಡ ಕಟ್ಟಿತ್ತು. ಐವತ್ತು ವರ್ಷದಲ್ಲಿ ಒಂದು ಸಲವೂ ಅವರ ಕಾಯಿ ಅಂಗಳದಲ್ಲಿ ಮೊಳೆತದ್ದಿಲ್ಲ. “ದಾರಿಯೇ ಇಲ್ವಾ ಸ್ವಾಮಿ?” ಎಂದು ಕೇಳಿದರು.

ದಾರಿ ಇತ್ತು. ಮೂಲ ಗ್ರಾಮದ ರೈತನು ಬೇರೆ ಗ್ರಾಮದ ಒಬ್ಬರನ್ನು ಪ್ರತಿನಿಧಿಯಾಗಿ ನೇಮಿಸಬಹುದು. ಓಟಿಪಿ ಪ್ರತಿನಿಧಿಗೆ ಬಂದರೆ ಸಾಕು. ನಂಬಿಕಸ್ಥರಾಗಿರಬೇಕು, ಹಾಗಾಗಿ ಮನೆಯವರಾದರೆ ಒಳ್ಳೆಯದು. ಆದರೆ ಒಂದೇ ಮನೆಯಲ್ಲಿ ವಾಸವಿರಕೂಡದು, ಯಾಕೆಂದರೆ ಒಂದೇ ಮನೆ ಎರಡು ಗ್ರಾಮದಲ್ಲಿ ಇರಲು ಬರುವುದಿಲ್ಲ. ಬೆಟ್ಟಸ್ವಾಮಿ ಚೀಲದಿಂದ ನಮೂನೆ ತೆಗೆದು ಓದಿದರು: “ನಾವು ಗಂಡ ಹೆಂಡಿರು ಬೇರೆ ಬೇರೆ ಗ್ರಾಮಗಳಲ್ಲಿ ವಾಸವಾಗಿದ್ದು, ಒಬ್ಬರ ಮನೆಯಲ್ಲಿ ಇನ್ನೊಬ್ಬರು ತಂಗುವುದಿಲ್ಲವೆಂದು ಪ್ರಮಾಣೀಕರಿಸುತ್ತೇವೆ.”

ನಲವತ್ತಾರು ವರ್ಷದ ಸಂಸಾರ. ಮರುಳಸಿದ್ದಯ್ಯನವರು ಪೆನ್ನು ಹಿಡಿದವರು ಹಾಗೇ ಕೂತರು.

“ಇದಕ್ಕೆ ಸಹಿ ಹಾಕಿದ್ರೆ ಕೊಬ್ಬರಿ ಹೋಗ್ತದಾ ಸ್ವಾಮಿ?” ಶಿವರುದ್ರಮ್ಮ ಕೇಳಿದರು.

“ನಾಳೆನೇ ಹೋಗುತ್ತೆ ತಾಯಿ.”

“ಹಾಕ್ರೀ ಮತ್ತೆ,” ಎಂದು ಅವರು ಗಂಡನ ಕೈಯಿಂದ ಪೆನ್ನು ತೆಗೆದುಕೊಂಡು ತಾವೇ ಮೊದಲು ಸಹಿ ಹಾಕಿದರು. ಆಮೇಲೆ ಒಳಗೆ ಹೋಗಿ, ಬಹಳ ಹೊತ್ತು ಪಾತ್ರೆ ಬೆಳಗಿದರು.

ಶನಿವಾರ ಗಂಡನ ಫೋನು 5ಜಿಯಲ್ಲಿ ಮರಗಳನ್ನು ಕಾಯುತ್ತಿತ್ತು, ಹೆಂಡತಿಯ ಫೋನು 2ಜಿಯಲ್ಲಿ ಓಟಿಪಿ ಹಿಡಿಯಿತು. ನೋಂದಣಿಯಾಯಿತು. ಕೆಂಪಯ್ಯ ಸುಲಿದ, ಕೂಲಿ ಹೆಂಗಸರು ಒಡೆದರು, ಕೊಬ್ಬರಿ ಲಾರಿ ಹತ್ತಿತು. ಹೊಸ ಕಾಯಿಯ ಕಡೆಯ ಮಂಕರಿ ಅಟ್ಟಕ್ಕೇರಿದ ದಿನವೇ ಮಳೆ ಬಂತು. ಇಲಾಖೆ ಇದನ್ನು ತನ್ನ ವರದಿಯಲ್ಲಿ ‘ಅಂತರ-ಗ್ರಾಮ ಸಹಕಾರದ ಮಾದರಿ’ ಎಂದು ಕರೆಯಿತು, ಮತ್ತು ಗೈರು ಮಟ್ಟೆಪಾಳ್ಯವನ್ನೂ ಸಂಪೂರ್ಣ 5ಜಿ ಮಾಡುವ ಪ್ರಸ್ತಾವ ಕಳಿಸಿತು.

ಈಗ ಊರಲ್ಲಿ ಎಲ್ಲರಿಗೂ ಅಭ್ಯಾಸವಾಗಿದೆ. ಎಂಬತ್ತಮೂರು ದಂಪತಿಗಳು ಬೇರೆ ಬೇರೆ ಊರಲ್ಲಿದ್ದಾರೆ. ಲಗ್ನಪತ್ರಿಕೆಯಲ್ಲಿ ತಂದೆಯ ಊರು ಒಂದು, ತಾಯಿಯ ಊರು ಒಂದು ಅಚ್ಚಾಗುತ್ತದೆ. ಯಾರಾದರೂ ಫೋನಿನಲ್ಲಿ ಎಲ್ಲಿದ್ದೀರಿ ಎಂದು ಕೇಳಿದರೆ, ಇರಿ ನೋಡಿ ಹೇಳ್ತೀನಿ ಎಂದು ಮೊದಲು ಸೆಟ್ಟಿಂಗ್ ನೋಡುತ್ತಾರೆ. ಬೆಟ್ಟಸ್ವಾಮಿ ಆಗಾಗ ಊಟದ ಹೊತ್ತಿಗೇ ತಪಾಸಣೆಗೆ ಬರುವುದರಿಂದ ಯಾರೂ ಅಜಾಗರೂಕರಾಗುವುದಿಲ್ಲ.

ಮೊನ್ನೆಯೂ ಹಾಗೇ ಬಂದು ಜಗಲಿಯಲ್ಲಿ ಕೂತಿದ್ದರು. “ಮುದ್ದೆ ಆರ್ತದೆ, ಬನ್ರೀ,” ಎಂದು ಶಿವರುದ್ರಮ್ಮ ಒಳಗಿಂದ ಕರೆದರು. ಮರುಳಸಿದ್ದಯ್ಯನವರು ಜೇಬಿನಿಂದ ಫೋನು ತೆಗೆದು ನೋಡಿದರು. 5ಜಿ ಇತ್ತು. ಪರವೂರಿನವರಿಗೆ ಕೊಡುವಂತೆ ಶಿವರುದ್ರಮ್ಮ ಬಾಗಿಲಿಗೆ ಬಂದು ಕಾಲಿಗೆ ನೀರು ಕೊಟ್ಟರು. ಬೆಟ್ಟಸ್ವಾಮಿ ಪುಸ್ತಕದಲ್ಲಿ ‘ಅತಿಥಿ, ಒಬ್ಬರು’ ಎಂದು ಬರೆದುಕೊಂಡರು. ಊಟವಾಯಿತು, ಎಲೆ ಅಡಿಕೆಯೂ ಆಯಿತು.

“ಹಿಂಗೇ ಬತ್ತಾ ಇರಿ,” ಅಂದರು ಶಿವರುದ್ರಮ್ಮ, ತಟ್ಟೆ ಎತ್ತುತ್ತ.

“ಬತ್ತೀನಿ,” ಎಂದು ಹೇಳಿ ಮರುಳಸಿದ್ದಯ್ಯನವರು ಜಗಲಿಗೆ ಹೋದರು.