ಚರ್ಮವೆಂಬ ಗೋದಾಮು

ಅಂಗೈಗೆ ಹತ್ತಿದ ವಿಟಮಿನ್ ಇ ಚರ್ಮದ ಮೇಲ್ಪದರದಲ್ಲಿ ಸೇರಿಕೊಂಡು, ಅಲ್ಲಿಂದ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಈ ಸಂಗತಿಯನ್ನು ಮುಲಾಮು ಕಾರ್ಖಾನೆಯ ಆಡಳಿತ ಮಂಡಳಿ ಸರ್ವಾನುಮತದಿಂದ ಅಂಗೀಕರಿಸಿತು. ಅದುವರೆಗೆ ಅದು ಮಂಡಳಿಯ ಒಪ್ಪಿಗೆಯಿಲ್ಲದೆಯೇ ಇಳಿಯುತ್ತಿತ್ತು.

ಡಬ್ಬಿ ತುಂಬುವ ಹೆಂಗಸರಿಗೆ ಕೈಗವಸು ಕೊಡುವುದು ದುಂದುವೆಚ್ಚವೆಂದು ನಿಲ್ಲಿಸಿದ ಮೇಲೆ ಮುಲಾಮು ಕಡಿಮೆ ಬೀಳತೊಡಗಿತ್ತು. ಸೆರಗು ಕೊಡವಿಸಿದರು, ಊಟದ ಡಬ್ಬಿ ಮೂಸಿದರು. ಕೊನೆಗೆ ಪ್ರಯೋಗಾಲಯದವರು ಕಳ್ಳನನ್ನು ಹಿಡಿದುಕೊಟ್ಟರು: ಅಂಗೈ.

ಸಂಜೆ ಗೇಟಿಗೆ ಪ್ರಕಟಣೆ ಅಂಟಿಸಲಾಯಿತು. "ನೌಕರರ ಚರ್ಮದೊಳಗಿನ ವಿಟಮಿನ್ ಸಂಸ್ಥೆಯ ಸರಕು. ಸರಕು ಇರುವ ಜಾಗವೇ ಗೋದಾಮು. ಗೋದಾಮನ್ನು ಅನುಮತಿಯಿಲ್ಲದೆ ಮನೆಗೆ ಒಯ್ಯತಕ್ಕದ್ದಲ್ಲ."

ಮೊದಲು ಸಿಕ್ಕಿಬಿದ್ದವಳು ಡಬ್ಬಿಯ ಅಂಚು ಒರೆಸುವ ಹೆಂಗಸು. ಮನೆಯಲ್ಲಿ ಮೊಲೆಹಾಲಿನ ಕೂಸು. ಎದೆ ಬಿಗಿದು ರವಿಕೆ ಒದ್ದೆಯಾಗಿತ್ತು.

"ಬಿಡಣ್ಣ, ಕೂಸು ಅಳ್ತಿರುತ್ತೆ," ಎಂದಳು ಕಾವಲುಗಾರನಿಗೆ.

"ನೀನು ಹೋಗಮ್ಮ, ಬೇಡ ಅಂದೋರ್ಯಾರು? ಕೈ ಇಟ್ಟು ಹೋಗು."

"ಕೂಸನ್ನ ಕಾಲಲ್ಲಿ ಎತ್ಕೊಳ್ಲಾ?"

"ಕಾಲಿನ ಬಗ್ಗೆ ಆದೇಶ ಬಂದಿಲ್ಲ."

ಮ್ಯಾನೇಜರು ಕರುಣಾಳು. ಗೋದಾಮಿಗೆ ಕಾವಲಿದ್ದರೆ ಸಾಕೆಂದು ಕಾವಲುಗಾರನನ್ನೇ ಜೊತೆಗೆ ಕಳಿಸಿದರು. ಕೈ ನೀರಿಗೆ ತಾಕಕೂಡದು, ಅದು ಸರಕು ನಾಶ.

ಅತ್ತೆ ಸೊಂಟಕ್ಕೆ ಕೈಕೊಟ್ಟು ಬಾಗಿಲಲ್ಲೇ ನಿಂತಿದ್ದಳು. "ಯಾರೇ ಇವನು?"

"ಗೋದಾಮು ಕಾಯೋಕೆ ಬಂದಿದಾರೆ ಅತ್ತೆ." ಸೊಸೆ ಅಂಗೈ ತೋರಿಸಿದಳು.

"ಸರಿ. ಹಾಗಾದ್ರೆ ಪಾತ್ರೆ ಯಾರು ತೊಳೀತಾರೆ?"

ಗೋದಾಮನ್ನು ನೀರಿನಿಂದ ರಕ್ಷಿಸುವುದು ಕಾವಲುಗಾರನ ಹೊಣೆ. ಅವನೇ ತೊಳೆದ. ತಳ ಹಿಡಿದ ಪಾತ್ರೆಯನ್ನು ಅತ್ತೆ ಎರಡು ಸಲ ತೊಳೆಸಿದಳು. ಅಷ್ಟರಲ್ಲಿ ತಾಯಿ ಕೂಸನ್ನೆತ್ತಿಕೊಂಡು ಕೆನ್ನೆ ಸವರಿದ್ದಳು.

"ಅಯ್ಯೋ, ಏನಮ್ಮ ಮಾಡಿದೆ! ಸರಕು ವರ್ಗಾವಣೆ ಆಗೋಯ್ತಲ್ಲ!"

ಮರುದಿನ ಕೂಸಿನ ಕೆನ್ನೆಯ ಪರೀಕ್ಷೆ ನಡೆಯಿತು. ಲೇಶದಷ್ಟು ವಿಟಮಿನ್ ಪತ್ತೆಯಾದ ಕಾರಣ ಕೂಸನ್ನು ಉಪಗೋದಾಮು ಎಂದು ಘೋಷಿಸಿ, ಕೆಲಸದ ವೇಳೆಯಲ್ಲಿ ಅದು ಕಾರ್ಖಾನೆಯಲ್ಲೇ ಇರತಕ್ಕದ್ದು ಎಂದು ಆದೇಶಿಸಲಾಯಿತು. ಕೂಸುಗಳಿಗೊಂದು ಮೂಲೆ ಕೊಡಿ ಎಂದು ಹೆಂಗಸರು ಅಂಗಲಾಚಿದಾಗಲೆಲ್ಲ ಜಾಗವಿಲ್ಲ ಎನ್ನುತ್ತಿದ್ದ ಸಂಸ್ಥೆ, ಸರಕಿಗೆ ಒಂದೇ ದಿನದಲ್ಲಿ ಜಾಗ ಮಾಡಿತು. ಫ್ಯಾನು ಬಂತು. ಇಲಿ ನುಗ್ಗದಂತೆ ಬಾಗಿಲಿಗೆ ಜಾಲರಿ ಬಂತು. ಅತ್ತರೆ ಕೆನ್ನೆ ತೊಯ್ದು ಸರಕು ತೊಳೆದುಹೋಗುವುದರಿಂದ ಕಣ್ಣೀರನ್ನು ಸೋರಿಕೆ ಎಂದು ಪರಿಗಣಿಸಿ, ಸೋರಿಕೆ ಕಂಡ ಕೂಡಲೇ ತಾಯಿಯನ್ನು ಕರೆಸಿ ಹಾಲೂಡಿಸತಕ್ಕದ್ದು ಎಂಬ ನಿಯಮವೂ ಬಂತು.

ಅಂದಿನಿಂದ ಹೆಂಗಸರೆಲ್ಲ ಕಾವಲಿನೊಡನೆ ಮನೆಗೆ ಹೋದ ಕೂಡಲೇ ಮಾಡುವ ಮೊದಲ ಕೆಲಸ, ಕೂಸಿನ ಕೆನ್ನೆ ಸವರುವುದು. ವಾರದೊಳಗೆ ಕೋಣೆ ತುಂಬಿತು. ಒಂದು ಇಟ್ಟಿಗೆ ಇಡದೆ ಇಷ್ಟು ಗೋದಾಮುಗಳನ್ನು ತೆರೆದದ್ದಕ್ಕೆ ಮಂಡಳಿ ತನ್ನನ್ನು ತಾನೇ ಅಭಿನಂದಿಸಿಕೊಂಡಿತು.

ಸೋಮವಾರ ಮ್ಯಾನೇಜರು ತಮ್ಮ ಮೊಮ್ಮಗನನ್ನು ಹೊತ್ತು ತಂದರು. ಅವರ ಸೊಸೆ ಹೊಸದಾಗಿ ಕೆಲಸಕ್ಕೆ ಸೇರಿದ್ದಳಂತೆ. ಹುಡುಗ ನೆತ್ತಿಯಿಂದ ಅಂಗಾಲಿನವರೆಗೆ ಮುಲಾಮಿನಲ್ಲಿ ಮಿಂದಿದ್ದ, ಹಿಡಿದರೆ ಜಾರುತ್ತಿದ್ದ.

"ಇವನು ಕೇಂದ್ರ ಗೋದಾಮು," ಎಂದರು ಮ್ಯಾನೇಜರು.

ಹೆಂಗಸರು ತಂತಮ್ಮ ಉಪಗೋದಾಮುಗಳನ್ನು ಗೋಡೆಯ ಕಡೆಗೆ ಸರಿಸಿ, ಫ್ಯಾನಿನ ಕೆಳಗೆ ಜಾಗ ಬಿಟ್ಟುಕೊಟ್ಟರು.