ನನ್ನ ಸೊಂಟದ ಎತ್ತರದ ಮಡಿಗಳು

ಒಳ್ಳೆಯ ಕೆಲಸ ಮಾಡಲು ಹೊರಟಾಗ ನನಗೆ ಕಿವಿ ಕೇಳಿಸುವುದಿಲ್ಲ. ಉಳಿದ ವೇಳೆಯಲ್ಲಿ ಹೆಂಡತಿಯ ಮಾತು, ಹೆಡ್‌ಮಾಸ್ತರರ ಮಾತು, ಕೊನೆಗೆ ಬಸ್ ಕಂಡಕ್ಟರನ ಮಾತನ್ನೂ ಕೇಳುವವನು ನಾನು. ಪರೋಪಕಾರದ ಹುರುಪು ಬಂತೆಂದರೆ ಮಾತ್ರ ಮುಗಿಯಿತು. ಬೈಲಹೊಂಗಲದಿಂದ ದಿನಾ ಸವದತ್ತಿ ಬಸ್ಸು ಹಿಡಿದು ನಾನು ಪಾಠ ಹೇಳಲು ಹೋಗುವ ಹಳ್ಳಿಯ ಶಾಲೆಯಲ್ಲಿ, ಮಕ್ಕಳಿಗೊಂದು ಕೈತೋಟ ಮಾಡಿಕೊಡಬೇಕೆಂಬ ಹುರುಪು ಹೋದ ವರ್ಷದ ಮಳೆಗಾಲದಲ್ಲಿ ಬಂತು.

ಶಾಲೆಯ ಅಂಗಳದ್ದು ಎರೆಮಣ್ಣು. ಮಳೆಯಾದರೆ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲಾದರೆ ಬಿರುಕು ಬಿಡುತ್ತದೆ. ನೆಲದ ಗೊಡವೆಯೇ ಬೇಡ, ಕಾಲಿರುವ ಮರದ ಪೆಟ್ಟಿಗೆ ಮಾಡಿಸಿ, ಮಣ್ಣು ಗೊಬ್ಬರ ತುಂಬಿ ಎತ್ತರದ ಮಡಿ ಮಾಡೋಣ ಎಂದುಕೊಂಡೆ. ಹಿಂದಿನ ಕೋಣೆಯಲ್ಲಿ ಮುರಿದ ಬೆಂಚುಗಳಿದ್ದವು. ಕೆಡವಿದ ಹಳೇ ವಾಡೆ ಮನೆಯೊಂದರ ಬಾಗಿಲ ಹಲಗೆಗಳನ್ನು ಊರಿನವರೊಬ್ಬರು ಕೊಟ್ಟರು. ಬಡಿಗ ಮೌಲಾಸಾಹೇಬರು ಬಂದರು. ಅರವತ್ತು ದಾಟಿದ, ಕಡಿಮೆ ಮಾತಿನ ಮನುಷ್ಯ. ಒಂದೇ ಪ್ರಶ್ನೆ ಕೇಳಿದರು.

“ಯಾರ ಎತ್ತರಕ್ಕ ಮಾಡ್ಲಿ, ಸರ್?”

ನಾನು ಆರಡಿ ಆಳು, ಮೇಲೆ ಬೆನ್ನುನೋವು. ಎದ್ದು ನಿಂತು ನನ್ನ ಸೊಂಟ ತೋರಿಸಿದೆ. ಅವರು ನನ್ನ ಸೊಂಟವನ್ನೂ ಅಂಗಳದ ಮಕ್ಕಳನ್ನೂ ನೋಡಿ ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಸೊಂಟ ತೋರಿಸಿದೆ.

ಮಡಿಗಳು ಬಲು ಚೆಂದ ಬಂದವು. ದೊಡ್ಡ ತರಗತಿಯವರಿಗೆ ಎಟುಕಿದವು, ಸಣ್ಣವರು ಇಟ್ಟಂಗಿ ತಂದು ಮೇಲೆ ನಿಂತರು. ಒಂದನೆಯ ತರಗತಿಯ ಕಸ್ತೂರಿ ಶಾಲೆಗೇ ಗಿಡ್ಡ ಹುಡುಗಿ. ಇಟ್ಟಂಗಿ ಮೇಲೆ ತುದಿಗಾಲಲ್ಲಿ ನಿಂತರೆ ಅವಳ ಕೈ ಹಲಗೆಯ ಆಚೆ ಹೋಗುತ್ತಿತ್ತು, ಕಣ್ಣು ಹೋಗುತ್ತಿರಲಿಲ್ಲ. ಅಜ್ಜಿ ಕೊಟ್ಟ ಹೀರೇ ಬೀಜವನ್ನು ಅವಳು ಹಾಗೆಯೇ ತಡಕಾಡಿ ಒಂದು ಮೂಲೆಯಲ್ಲಿ ಊರಿದ್ದಳಂತೆ. ನನಗೆ ಗೊತ್ತಿರಲಿಲ್ಲ. ಹತ್ತು ದಿನದ ಮೇಲೆ ನನ್ನ ಮೆಂತ್ಯದ ನೇರ ಸಾಲುಗಳನ್ನು ನೋಡಿ ಹಿಗ್ಗುತ್ತಿದ್ದಾಗ, ಮೂಲೆಯಲ್ಲಿ ಶಿಸ್ತಿಲ್ಲದೆ ಎದ್ದಿದ್ದ ಒಂದು ಸಸಿ ಕಣ್ಣಿಗೆ ಬಿತ್ತು. ಕಸವೆಂದು ಕಿತ್ತು ಎಸೆದೆ.

ಮಧ್ಯಾಹ್ನ ಅವಳ ಪಕ್ಕದ ಮನೆಯ ಸಾವಿತ್ರಿ, ಐದನೆಯ ತರಗತಿಯವಳು, ದೂರು ತಂದಳು. ಕಸ್ತೂರಿಯ ಹೀರೇಬಳ್ಳಿಯನ್ನು ಯಾರೋ ಕಿತ್ತಿದ್ದಾರೆಂದು. ನಾನು ಗಂಟಲು ಸರಿಮಾಡಿಕೊಂಡು ವಿಚಾರಣೆಗೆ ಎದ್ದು ನಿಂತೆ. ಆಗ ನನ್ನ ಉಗುರಿನಲ್ಲಿದ್ದ ಮಣ್ಣು ಕಾಣಿಸಿತು.

ತಿಪ್ಪೆಗೆ ಹೋಗಿ ಹುಡುಕಿದೆ. ಬಾಡಿದ ಸಸಿಯನ್ನು ಮತ್ತೆ ನೆಟ್ಟು, ನೀರು ಹಾಕಿ, ಕಡ್ಡಿಗೆ ಕಟ್ಟಿದೆ. ಮರುದಿನಕ್ಕೆ ಅದು ಒಣಗಿಹೋಗಿತ್ತು. ಕಸ್ತೂರಿಯನ್ನು ಕರೆದು, ಕಿತ್ತವನು ನಾನೇ, ತಪ್ಪಾಯಿತು ಎಂದೆ. ಅವಳು ಅಳಲಿಲ್ಲ.

“ಅದು ಎಷ್ಟ ಎಲಿ ಬಿಟ್ಟಿತ್ರಿ, ಸರ್?” ಎಂದು ಕೇಳಿದಳು.

ತಾನು ಬೆಳೆಸಿದ ಸಸಿಯನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ. ದಿನಾ ಸಾವಿತ್ರಿಯೇ ನೋಡಿ ವರದಿ ಕೊಡುತ್ತಿದ್ದಳು. ಕಣ್ಣಾರೆ ಕಂಡಿದ್ದ ನಾನೂ ಎಲೆ ಎಣಿಸಿರಲಿಲ್ಲ. ನಾಲ್ಕು ಎಂದುಬಿಟ್ಟೆ.

“ಸಾವಿತ್ರಿ ಎರಡ ಅಂದಿದ್ಲು,” ಎಂದು ಅವಳು ಸಂತೋಷದಿಂದಲೇ ಓಡಿಹೋದಳು. ಕಿತ್ತದ್ದಕ್ಕಿಂತ ಆ ಎರಡು ಸುಳ್ಳು ಎಲೆಗಳು ನನ್ನನ್ನು ಹೆಚ್ಚು ಚುಚ್ಚಿವೆ.

ಮಡಿಗಳ ಕಾಲು ಕತ್ತರಿಸಿಕೊಡಿ ಎಂದು ಮೌಲಾಸಾಹೇಬರಿಗೆ ಅಂದೇ ಹೇಳಿಕಳಿಸಿದೆ. ಬೇರೆ ಊರಿನ ಕೆಲಸ ಮುಗಿಸಿ ಅವರು ಬರುವಷ್ಟರಲ್ಲಿ ದೀಪಾವಳಿ ದಾಟಿತ್ತು. ಈ ಸಲ ನನ್ನನ್ನು ಏನೂ ಕೇಳಲಿಲ್ಲ. ಒಂದನೆಯ ತರಗತಿಯವರನ್ನು ಸಾಲಾಗಿ ನಿಲ್ಲಿಸಿ ಅಳತೆ ತೆಗೆದುಕೊಂಡರು. ಸಾಲಿನಲ್ಲಿ ಕಸ್ತೂರಿ ಇರಲಿಲ್ಲ. ತಂದೆಗೆ ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಕೆಲಸ ಸಿಕ್ಕು, ಹಿಂದಿನ ವಾರವೇ ಮನೆಮಂದಿಯೆಲ್ಲ ಅಲ್ಲಿಗೆ ಹೋಗಿದ್ದರು.

ಈಗ ಮಡಿಗಳು ಮಕ್ಕಳ ವಶದಲ್ಲಿವೆ. ನಾನು ಹತ್ತಿರ ಹೋದರೆ ಸಾವಿತ್ರಿ ಬಂದು ನಿಲ್ಲುತ್ತಾಳೆ, “ಕೀಳೂಕಿಂತ ಮೊದ್ಲ ನನಗ ತೋರಸ್ರಿ, ಸರ್,” ಎನ್ನುತ್ತಾಳೆ. ಇಪ್ಪತ್ತೆರಡು ವರ್ಷ ವಿಜ್ಞಾನ ಪಾಠ ಹೇಳಿದ ನಾನು ಬೆನ್ನು ಹಿಡಿದುಕೊಂಡು ಬಗ್ಗಿ, ಇದು ಕಸವೋ ಸಸಿಯೋ ಎಂದು ಅವಳನ್ನು ಕೇಳುತ್ತೇನೆ. ಅವಳಿಗೂ ಗೊತ್ತಾಗದಿದ್ದಾಗ ಭಯಕ್ಕೆ ನಾನು ಕೀಳದೆ ಬಿಟ್ಟು, ವಾರಗಟ್ಟಲೆ ನೀರು ಹಾಕಿ ಬೆಳೆಸಿದ್ದು ಬಹಳ ಸಲ ಕಸವೇ ಆಗಿರುತ್ತದೆ.