ಅನುಮೋದಿತ ನೀರು

ಕಡಕೊಳದ ಕೈಗಾರಿಕಾ ಪ್ರದೇಶದಲ್ಲಿರುವ ನವೋದ್ಯಮ ಪಾಲನಾ ಕೇಂದ್ರದ ನಿಯಮಾವಳಿಯ ಏಳನೆಯ ಕಲಮಿನ ಪ್ರಕಾರ, ಕೇಂದ್ರದಲ್ಲಿ ಆಸನ ಪಡೆದ ಪ್ರತಿಯೊಬ್ಬ ನವೋದ್ಯಮಿಯೂ ತನ್ನ ಸಂಪೂರ್ಣ ಮನಸ್ಸನ್ನು ಒಂದೇ ಉದ್ಯಮಕ್ಕೆ ಮೀಸಲಿಡತಕ್ಕದ್ದು. ಮನಸ್ಸು ಮಿಕ್ಕಿದಲ್ಲಿ ಆ ಸಂಗತಿಯನ್ನು ಹದಿನೈದು ದಿನಗಳೊಳಗಾಗಿ ಲಿಖಿತವಾಗಿ ಕೇಂದ್ರದ ಗಮನಕ್ಕೆ ತರತಕ್ಕದ್ದು. ಕೇಂದ್ರ ಶುರುವಾಗಿ ಮೂರು ವರ್ಷವಾದರೂ ಯಾರ ಮನಸ್ಸೂ ಮಿಕ್ಕಿರಲಿಲ್ಲ. ಮಿಕ್ಕಿದೆ ಎಂದು ಬರೆದುಕೊಟ್ಟವನು ದಟ್ಟಗಳ್ಳಿಯ ಸಿದ್ದೇಶ್ ಒಬ್ಬನೇ.

ಸಿದ್ದೇಶ್ ಇದ್ದ ಕೆಲಸ ಬಿಟ್ಟು, ಹೇಮಶ್ರೀ ಎಂಬ ಹಳೆಯ ಸಹೋದ್ಯೋಗಿಯ ಜೊತೆ ಸೇರಿ ಸ್ಟಾರ್ಟಪ್ ಕಟ್ಟುತ್ತಿದ್ದ. ಕಚೇರಿಗಳಲ್ಲಿ ನಡೆಯುವ ಮೀಟಿಂಗುಗಳನ್ನು ಮೊಟಕುಗೊಳಿಸುವ ತಂತ್ರಾಂಶವೊಂದನ್ನು ಜಗತ್ತಿಗೆ ಕೊಡುವುದು ಇಬ್ಬರ ಗುರಿ. ಅದು ಹೇಗಿರಬೇಕು ಎಂಬ ಬಗ್ಗೆ ಅಷ್ಟರಲ್ಲಿ ಅರವತ್ತೆರಡು ಮೀಟಿಂಗುಗಳು ನಡೆದಿದ್ದವು. ಒಂದೂ ಮೊಟಕಾಗಿರಲಿಲ್ಲ.

ಇದಲ್ಲದೆ ಅವನಿಗೊಂದು ಚಟವಿತ್ತು. ಬೇರೆಯವರು ಬಿಡುವಾದಾಗ ಇಸ್ಪೀಟು ಹಾಕಿದರೆ ಇವನು ಜಾಲತಾಣ ಕಟ್ಟುತ್ತಿದ್ದ. ಮೊದಲನೆಯದು ಅವನ ಹೆಸರಿನದೇ. ಅದರಲ್ಲಿ ತನ್ನ ಸ್ಕೂಟರಿನ ಮೈಲೇಜನ್ನು ಒಂಬತ್ತು ವರ್ಷದಿಂದ ವಾರ ತಪ್ಪದೆ ಬರೆದಿಡುತ್ತಿದ್ದ. ಓದುವವರು ಇಬ್ಬರು, ಅವರಲ್ಲಿ ಒಬ್ಬ ಅವನೇ. ಎರಡನೆಯದು, ಯೋಗ ಕಲಿಯಲು ಬಂದು ಗೋಕುಲಂನಲ್ಲಿ ತಿಂಗಳುಗಟ್ಟಲೆ ಉಳಿಯುವ ವಿದೇಶಿಯರಿಗೆ ಆಟೋದವರ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡುವುದನ್ನು ಕಲಿಸುತ್ತಿತ್ತು. ಅದನ್ನು ವಿದೇಶಿಯರಿಗಿಂತ ಆಟೋದವರೇ ಹೆಚ್ಚಾಗಿ ಓದಿ ಎಚ್ಚೆತ್ತುಕೊಳ್ಳುತ್ತಿದ್ದರು.

ಮೂರನೆಯದು ನೀರಿನ ಪುಟ. ಬಿಳಿ ಹಾಳೆಯಂಥ ಒಂದೇ ಪುಟ, ಚಿತ್ರವಿಲ್ಲ, ಜಾಹೀರಾತಿಲ್ಲ. ದಟ್ಟಗಳ್ಳಿಯ ಯಾವ ಕ್ರಾಸಿಗೆ ಇವತ್ತು ಎಷ್ಟು ಹೊತ್ತಿಗೆ ನಲ್ಲಿ ನೀರು ಬರುತ್ತದೆ ಎನ್ನುವುದಷ್ಟೇ ಅದರಲ್ಲಿತ್ತು. ಮೊದಲೆಲ್ಲ ಅವನ ತಾಯಿ ಸಾಕಮ್ಮ ನೀರಿನ ದಿನ ಹಾಲು ತರುವುದಕ್ಕೂ ಹೋಗದೆ, ನಲ್ಲಿ ಯಾವಾಗ ಉಸಿರು ಬಿಟ್ಟೀತೆಂದು ಸಂಪಿನ ಪಕ್ಕ ಮಣೆ ಹಾಕಿಕೊಂಡು ಕೂತಿರುತ್ತಿದ್ದರು. ಅದನ್ನು ನೋಡಲಾರದೆ ಮಾಡಿದ ಪುಟ ಅದು. ಬಡಾವಣೆಗೆ ನೀರು ಬಿಡುವ ಜವರಪ್ಪ ವಾಲ್ವಿನ ಕೀ ತಿರುಗಿಸುವುದಕ್ಕೆ ಅರ್ಧ ಗಂಟೆ ಮೊದಲು ಫೋನು ಮಾಡಿ, "ಸಿದ್ದೇಸ, ಏಳನೇ ಕ್ರಾಸು ಕಣಪ್ಪ" ಎಂದರೆ ಸಾಕು, ಇವನು ಬರೆಯುತ್ತಿದ್ದ. ಆರು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ನಾಲ್ಕು ಸಾವಿರ ಮನೆಯವರು ಅದನ್ನು ನೋಡಿಕೊಂಡೇ ಕೊಡ ಹಿಡಿಯುತ್ತಿದ್ದರು. ನಿಜ ಹೇಳಬೇಕೆಂದರೆ ಸಿದ್ದೇಶನಿಗೆ ಸ್ಟಾರ್ಟಪ್ಪಿಗಿಂತ ಈ ಪುಟದ ಮೇಲೇ ಜೀವ.

ಆದ್ದರಿಂದಲೇ ಎಡವಟ್ಟಾಯಿತು. ಕೇಂದ್ರದ ಅರ್ಜಿಯಲ್ಲಿ ಹದಿನಾಲ್ಕನೆಯ ಕಾಲಂ, "ಇತರೆ ಚಟುವಟಿಕೆಗಳಿದ್ದಲ್ಲಿ ವಿವರಿಸಿ" ಎಂದಿತ್ತು.

"ಇಲ್ಲ ಅಂತ ಬರಿ" ಅಂದಳು ಹೇಮಶ್ರೀ. "ಆ ಕಾಲಂ ಇರೋದೇ ಇಲ್ಲ ಅಂತ ಬರೆಯೋಕೆ."

"ಇದೆಯಲ್ಲ?"

"ನಾನೂ ಸೀರೆಗೆ ಕುಚ್ಚು ಕಟ್ಟೋದನ್ನ ಆನ್‌ಲೈನಲ್ಲಿ ಕಲಿಸ್ತೀನಿ. ಬರೆದಿದೀನಾ?"

ಅರ್ಜಿಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಡಬಾರದೆಂಬ ಬುದ್ಧಿ ಮೈಸೂರಿನಲ್ಲಿ ಹುಟ್ಟಿದವರಿಗೆ ತಾಯಿಹಾಲಿನೊಂದಿಗೇ ಬರಬೇಕು. ಸಿದ್ದೇಶ ಮೂರೂ ಜಾಲತಾಣಗಳನ್ನು ಬರೆದು, ಜಾಗ ಸಾಲದೆ ಬೇರೊಂದು ಹಾಳೆಯನ್ನೂ ಲಗತ್ತಿಸಿದ. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಳ್ಳುವುದು ಎಂದರೆ ಇದು.

ವಾರದೊಳಗೆ ಕೇಂದ್ರದ ಯೋಜನಾಧಿಕಾರಿ ವಿಜಯ್‌ಕುಮಾರ್ ಅವರಿಂದ ಕಚೇರಿಗೆ ಬರುವಂತೆ ಕರೆ ಬಂತು. ಅವರು ಸಜ್ಜನರು. ಕಡತದ ಹಾಳೆಯನ್ನು ನೋಯದ ಹಾಗೆ ತಿರುವುತ್ತಿದ್ದರು.

"ಇದು ಯಾರದ್ರೀ, ಸಿದ್ದೇಶ್ ಅನ್ನೋ ಹೆಸರಲ್ಲಿರೋದು?"

"ನಂದೇ ಸರ್."

"ನಿಮ್ಮ ಹೆಸರಿನ ಜಾಲತಾಣ ನೀವೇ ನಡೆಸ್ತೀರಾ?"

"ಹೌದು ಸರ್."

"ನಿಮ್ಮ ಬಗ್ಗೆ ನೀವೇ ಬರಕೊಂಡ್ರೆ ನಿಷ್ಪಕ್ಷಪಾತ ಹೇಗ್ರೀ ಉಳಿಯುತ್ತೆ? ಮುಚ್ಚಿ." ಕೆಂಪು ಶಾಯಿಯಲ್ಲಿ ಗೀಟು ಬಿತ್ತು. ಆಟೋ ಪುಟವನ್ನು ವಿದೇಶಾಂಗ ವ್ಯವಹಾರವೆಂದು ಪರಿಗಣಿಸಿ ಅದಕ್ಕೂ ಗೀಟು ಎಳೆದರು. ನೀರಿನ ಪುಟಕ್ಕೆ ಬಂದಾಗ ಪೆನ್ನು ನಿಂತಿತು.

"ಇದಕ್ಕೆ ಬಳಕೆದಾರರು ಎಷ್ಟು?"

"ನಾಲ್ಕು ಸಾವಿರ ಮನೆ ಸರ್."

"ದಿನಾ?"

"ನೀರಿನ ದಿನ ಎರಡೆರಡು ಸಲ ನೋಡ್ತಾರೆ."

"ಮತ್ತೆ ನಿಮ್ಮ ಮೀಟಿಂಗ್ ತಂತ್ರಾಂಶಕ್ಕೆ?"

"ಅದು ಇನ್ನೂ ಆಗಬೇಕು ಸರ್."

ವಿಜಯ್‌ಕುಮಾರ್ ಎದ್ದುಹೋಗಿ ಬಾಗಿಲು ಮುಚ್ಚಿ ಬಂದರು. "ಮೂರು ವರ್ಷದಿಂದ ಬಳಕೆದಾರರ ಕಾಲಂನಲ್ಲಿ 'ನಿರೀಕ್ಷಿಸಲಾಗಿದೆ' ಅಂತ ಬರೀತಿದೀನಿ ಕಣ್ರೀ" ಎಂದರು. "ಇಪ್ಪತ್ತನೇ ತಾರೀಕು ಮೇಲಿಂದ ಪರಿವೀಕ್ಷಣಾ ತಂಡ ಬರುತ್ತೆ. ಒಂದು ಕೆಲಸ ಮಾಡೋಣ. ನೀರಿನ ಪುಟವೇ ನಿಮ್ಮ ಉದ್ಯಮ. ಮೀಟಿಂಗ್ ತಂತ್ರಾಂಶ ನಿಮ್ಮ ಹವ್ಯಾಸ. ಹವ್ಯಾಸಕ್ಕೆ ಏಳನೇ ಕಲಮಿನಲ್ಲಿ ಅವಕಾಶ ಇಲ್ಲ, ಅದನ್ನ ಕೈಬಿಡಿ."

ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮ ಕಚೇರಿಗಳಿಗೆ ಹೊಸದಲ್ಲ. ಸಿದ್ದೇಶ ಬೇಡವೆನ್ನಬಹುದಿತ್ತು. ಆದರೆ ಕಿಟಕಿಯಾಚೆ ಖಾಲಿ ಬಿದ್ದಿದ್ದ ಗಾಜಿನ ಕೋಣೆಯನ್ನು ತೋರಿಸಿದ ವಿಜಯ್‌ಕುಮಾರ್, ಅದರ ಬಾಗಿಲಿಗೆ "ಸಿದ್ದೇಶ್ ಎಸ್., ಸಂಸ್ಥಾಪಕರು" ಎಂಬ ಹಿತ್ತಾಳೆ ಫಲಕ ಬರುವುದೆಂದೂ, ಒಳಗೆ ಸುತ್ತುವ ಕುರ್ಚಿ ಇರುವುದೆಂದೂ ಹೇಳಿದರು. ಆರು ವರ್ಷದಿಂದ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ನೀರಿನ ಪುಟ ನಡೆಸಿದವನಿಗೆ ಆ ಕುರ್ಚಿಯ ಮೇಲೆ ಆಸೆಯಾಯಿತು. ಸಹಿ ಹಾಕಿದ.

ಇಪ್ಪತ್ತನೆಯ ತಾರೀಕು ತಂಡ ಬಂತು, ನಾಲ್ಕು ಸಾವಿರ ಎಂಬ ಅಂಕಿಯನ್ನು ನೋಡಿತು, ಊಟ ಮಾಡಿತು, ಮೆಚ್ಚುಗೆ ಬರೆದು ಹೋಯಿತು. ಹೋಗುವಾಗ ಒಂದೇ ಒಂದು ಸಣ್ಣ ಸಲಹೆ ಕೊಟ್ಟಿತು: ಇಷ್ಟು ಜನ ನಂಬುವ ಮಾಹಿತಿ ಬರೀ ಫೋನಿನ ಮಾತಿನ ಮೇಲೆ ನಿಂತಿರುವುದು ಸರಿಯಲ್ಲ, ಲಿಖಿತ ಆಧಾರವಿರಲಿ.

ಅಂದಿನಿಂದ ಜವರಪ್ಪ ನೀರು ಬಿಡುವ ವಿವರವನ್ನು ನಮೂನೆ ಮೂರರಲ್ಲಿ ತುಂಬಿ, ಮೂರು ಪ್ರತಿಗಳಲ್ಲಿ ಕಡಕೊಳಕ್ಕೆ ತಲುಪಿಸತಕ್ಕದ್ದೆಂದು ಆದೇಶವಾಯಿತು.

"ಎಂಗಪ್ಪಾ ಇದು?" ಜವರಪ್ಪ ನಮೂನೆಯನ್ನು ತಲೆಕೆಳಗು ಮಾಡಿ ನೋಡಿದ. "ಕೀ ತಿರುಗ್ಸಿದ್ ಉದ್ದೇಸ ಅಂತ ಕೇಳವ್ರೆ."

"ನೀರು ಬಿಡೋದು ಅಂತ ಬರೀರಿ ಜವರಪ್ಪಣ್ಣ."

"ಕೀ ತಿರುಗ್ಸುದ್ರೆ ನೀರಲ್ದೆ ಮಜ್ಜಿಗೆ ಬಂದದಾ? ನಾನು ಫೋನ್ ಮಾಡ್ದೆ, ನೀನು ಬರ್ದೆ, ಜನ ಇಡ್ಕಂಡ್ರು. ಇದ್ರಾಗೆ ಕಡಕೊಳ ಎಲ್ಲಿಂದ ಬಂತಪ್ಪ?"

ಸಿದ್ದೇಶನಿಗೆ ನಾಚಿಕೆಯಾಯಿತು. ಆದರೆ ಅವನು ಈಗ ಸಂಸ್ಥಾಪಕ. "ವ್ಯವಸ್ಥೆ ಅಂದ್ಮೇಲೆ ಇರುತ್ತೆ ಜವರಪ್ಪಣ್ಣ" ಅಂದುಬಿಟ್ಟ. ಮೊದಲ ಸಲ ಹಾಗೆ ಹೇಳುವಾಗ ನಾಲಗೆ ತೊಡರಿತು. ಎರಡನೆಯ ಸಲದಿಂದ ಸಲೀಸಾಯಿತು.

ನಮೂನೆಗಳನ್ನು ಪರಿಶೀಲಿಸಲು ಐದು ಜನರ ನೀರು ಮಾಹಿತಿ ಅನುಮೋದನಾ ಸಮಿತಿ ರಚನೆಯಾಯಿತು. ಅರವತ್ತೆರಡು ಮೀಟಿಂಗುಗಳ ಅನುಭವವಿದ್ದ ಹೇಮಶ್ರೀಯೇ ಸದಸ್ಯ ಕಾರ್ಯದರ್ಶಿ. ಸಮಿತಿ ಗುರುವಾರ ಮಧ್ಯಾಹ್ನ ಸೇರುತ್ತಿತ್ತು. ಅದು ಅನುಮೋದಿಸಿದ ಮೊದಲ ಪ್ರಕಟಣೆ ಗುರುವಾರ ಸಂಜೆ ಪುಟದಲ್ಲಿ ಕಾಣಿಸಿಕೊಂಡಿತು:

"ಈ ಮೂಲಕ ಸಾರ್ವಜನಿಕರ ಅವಗಾಹನೆಗೆ ತರುವುದೇನೆಂದರೆ, ಕಳೆದ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಏಳನೆಯ ಕ್ರಾಸಿಗೆ ನೀರು ಬರಲಿದೆ. ನಾಗರಿಕರು ಇದರ ಸದುಪಯೋಗ ಪಡೆದುಕೊಳ್ಳತಕ್ಕದ್ದು."

ಗಲಾಟೆಯಾಯಿತು. ಏಳನೆಯ ಕ್ರಾಸಿನವರೆಲ್ಲ ಸಿದ್ದೇಶನ ಮನೆಗೆ ಬಂದರು. ಅವರ ಮುಂದಾಳು ಎದುರುಮನೆಯ ಬೋರಮ್ಮ. "ಓದ್ ಸೋಮವಾರದ ನೀರ ಈಗ ಎಂಗಪ್ಪ ಇಡ್ಕಳಾದು? ಮೂರು ದಿನದಿಂದ ಪಾತ್ರೆ ತೊಳೆದಿಲ್ಲ ಕಣಪ್ಪ, ಸೊಸೆ ಬಾಣಂತಿ" ಎಂದರು. ಜಗಲಿಯ ಮೇಲೆ ಕೂತಿದ್ದ ಸಾಕಮ್ಮ ಮಗನ ಮುಖ ನೋಡಿ, "ಮೊದ್ಲಿನಂಗೇ ಬರ್ದ್ಬುಡು ಮಗ" ಎಂದರು.

ಸಿದ್ದೇಶನಿಗೂ ಬರೆದುಬಿಡಬೇಕೆನಿಸಿತು. ಫೋನನ್ನೂ ತೆಗೆದ. ಆದರೆ ಪುಟದ ಗುಪ್ತಪದ ಈಗ ಸಮಿತಿಯ ಬೀರುವಿನಲ್ಲಿ ಅರಗಿನ ಮುದ್ರೆಯೊಳಗಿತ್ತು. ತಾನೇ ಹೆತ್ತ ಕೂಸನ್ನು ಎತ್ತಿಕೊಳ್ಳಲು ಅರ್ಜಿ ಹಾಕಬೇಕಾದವನಂತೆ ಫೋನನ್ನು ಜೇಬಿಗೆ ಹಾಕಿಕೊಂಡು, ದೂರನ್ನು ಲಿಖಿತವಾಗಿ ಕೊಡಿ ಎಂದ.

ನಾನೂರ ಹನ್ನೆರಡು ದೂರುಗಳು ಸಮಿತಿಯ ಮುಂದೆ ಬಂದವು. ಸಮಿತಿ ಅವನ್ನು ಗಂಭೀರವಾಗಿಯೇ ತೆಗೆದುಕೊಂಡಿತು. ಪುಟವೂ ನೀರೂ ಒಂದಕ್ಕೊಂದು ಹೊಂದುತ್ತಿಲ್ಲ ಎಂಬುದನ್ನು ಒಪ್ಪಿಕೊಂಡಿತು. ಎರಡರಲ್ಲಿ ತಪ್ಪು ಯಾವುದರದೆಂಬ ಬಗ್ಗೆ ಮೂರು ಗುರುವಾರ ಚರ್ಚಿಸಿ ಹೀಗೆ ನಿರ್ಣಯಿಸಿತು: "ಪುಟದಲ್ಲಿರುವ ಮಾಹಿತಿಯು ಐದು ಸಹಿಗಳಿಂದ ದೃಢಪಟ್ಟಿರುತ್ತದೆ. ನಲ್ಲಿಯಲ್ಲಿ ಬಂದ ನೀರಿನ ಮೇಲೆ ಒಂದು ಸಹಿಯೂ ಕಂಡುಬಂದಿರುವುದಿಲ್ಲ. ಆದ್ದರಿಂದ ತಪ್ಪು ನೀರಿನದು. ಇನ್ನು ಮುಂದೆ ಪ್ರಕಟಣೆ ಹೊರಬಿದ್ದ ನಂತರವೇ ನೀರನ್ನು ಬಿಡತಕ್ಕದ್ದು."

ನೀರು ಬಿಡುವ ಕಚೇರಿಯವರು ತಕರಾರು ಮಾಡಬಹುದೆಂದು ಸಿದ್ದೇಶ ಒಳಗೊಳಗೇ ಆಸೆ ಇಟ್ಟುಕೊಂಡಿದ್ದ. ಅವರು ಅದೇ ದಿನ ಒಪ್ಪಿಗೆ ಪತ್ರ ಕಳಿಸಿದರು, ಧನ್ಯವಾದಗಳನ್ನೂ ಹೇಳಿದರು. ನೀರು ಯಾಕೆ ಬಂದಿಲ್ಲ ಎಂದು ಕೇಳಿದವರನ್ನು ಇನ್ನು ಮೇಲೆ ಕಡಕೊಳಕ್ಕೆ ಕಳಿಸಬಹುದಿತ್ತು. ಅಷ್ಟು ದೊಡ್ಡ ಉಪಕಾರ ಅವರಿಗೆ ಈವರೆಗೆ ಯಾರೂ ಮಾಡಿರಲಿಲ್ಲ.

ವಾರಕ್ಕೆ ಮೂರು ಸಲ ಬರುತ್ತಿದ್ದ ನೀರು ಒಂದು ಸಲಕ್ಕಿಳಿಯಿತು. ಶುಕ್ರವಾರ, ಸಮಿತಿಗೆ ಕೋರಂ ಇದ್ದರೆ. ಪುಟ ಮತ್ತು ನೀರು ನೂರಕ್ಕೆ ನೂರು ಹೊಂದಿಕೊಂಡವು. ಈ ಸಾಧನೆಗಾಗಿ ಸಿದ್ದೇಶನಿಗೆ ಕೇಂದ್ರದ ವಾರ್ಷಿಕೋತ್ಸವದಲ್ಲಿ ಮೈಸೂರು ಪೇಟ ತೊಡಿಸಿದರು. ಜನ ಮೊದಮೊದಲು ಬೈದರು. ಆಮೇಲೆ ದೊಡ್ಡ ಡ್ರಮ್ಮು ಕೊಂಡರು. ಆಮೇಲೆ, ಪಕ್ಕದ ಬಡಾವಣೆಗೆ ಇಂಥ ಪ್ರಕಟಣೆಯೇ ಇಲ್ಲ, ನಮಗಾದರೂ ಇದೆಯಲ್ಲ ಎಂದು ಸಮಾಧಾನಪಟ್ಟರು.

ಆಷಾಢದಲ್ಲಿ ಇಬ್ಬರು ಸದಸ್ಯರು ಪ್ರವಾಸ ಹೋದ ಕಾರಣ ಎರಡು ವಾರ ಕೋರಂ ಆಗಲಿಲ್ಲ. ಮೂರನೆಯ ವಾರದ ಬುಧವಾರ ಬೆಳಿಗ್ಗೆ ಸಿದ್ದೇಶನ ಫೋನು ಹೊಡೆದುಕೊಂಡಿತು.

"ಸಿದ್ದೇಸ, ತಡ್ಯಕಾಗ್ಲಿಲ್ಲ ಕಣಪ್ಪ" ಅಂದ ಜವರಪ್ಪ ಪಿಸುದನಿಯಲ್ಲಿ. "ಆ ಬಾಣಂತಿ ಮನೆಯವ್ರು ಬಕೆಟ್ ಇಡ್ಕಂಡು ಅಲೀತಾವ್ರೆ. ಕೀ ತಿರುಗ್ಸ್ಬುಟ್ಟಿವ್ನಿ. ಅರ್ಧ ಗಂಟೆ ಬುಡ್ತೀನಿ. ಬ್ಯಾಗ ಏಳು ಎಲ್ರುಗೂ."

ಸಿದ್ದೇಶನ ಸಂಸ್ಥಾಪಕತನವೆಲ್ಲ ಎತ್ತಲೋ ಹೋಯಿತು. ಪುಟವಿಲ್ಲದಿದ್ದರೆ ಬಾಯಿಯಾದರೂ ಇದೆಯಲ್ಲ ಎಂದು, ಲುಂಗಿಯಲ್ಲೇ ಹಿತ್ತಲಿಗೆ ಓಡಿ, "ಅವ್ವಾ, ನೀರು! ನೀರು ಬತ್ತಾ ಅದೆ ಕಣವ್ವ!" ಎಂದು ಕೂಗಿದ.

ಸಾಕಮ್ಮ ಸಂಪಿನ ಪಕ್ಕ ನಿಂತಿದ್ದರು. ನಲ್ಲಿಯ ತಿರುಪನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದರು. ಪೈಪಿನೊಳಗೆ ನೀರು ಗೊರಗುಟ್ಟುವುದು ಕೇಳುತ್ತಿತ್ತು.

"ಗೊತ್ತು ಕಣ್ ಮಗ, ಆಗ್ಲೇ ನಿಲ್ಸ್ಬುಟ್ಟಿವ್ನಿ" ಅಂದರು. "ಪ್ರಕಟಣೆ ಬಂದಿಲ್ಲ. ಇಡ್ಕಂಡು ನಿನ್ ಕುರ್ಚಿಗೆ ಸಂಚ್ಕಾರ ಬಂದ್ರೆ? ಬೋರಮ್ಮನ ಮನೆಗೂ ಓಗಿ ಏಳಿ ಬಂದೆ. ಪಾಪ, ಅವ್ರೂ ಒಪ್ಕಂಡ್ರು. ಬೀದೀಲಿ ಎಲ್ರೂ ನಿಲ್ಸವ್ರೆ."

ಸಿದ್ದೇಶ ಹೊರಗೆ ಬಂದು ನೋಡಿದ. ಏಳನೆಯ ಕ್ರಾಸಿನ ಒಂದು ನಲ್ಲಿಯೂ ತೆರೆದಿರಲಿಲ್ಲ. ಒತ್ತಡ ತಾಳದೆ ರಸ್ತೆಯ ಮೂಲೆಯಲ್ಲಿ ಪೈಪಿನ ಜಾಯಿಂಟು ಕಳಚಿ, ನೀರೆಲ್ಲ ಮೋರಿಗೆ ಹರಿಯುತ್ತಿತ್ತು. ಮೂರು ವಾರದಿಂದ ಮೈಗೆ ನೀರು ಕಾಣದ ಜನ ಖಾಲಿ ಕೊಡಗಳನ್ನು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿ ನೆನೆಯದಂತೆ ಪಕ್ಕಕ್ಕೆ ಸರಿದು ನಿಂತಿದ್ದರು. ಇವನನ್ನು ಕಂಡೊಡನೆ ಬೋರಮ್ಮ ಗೌರವದಿಂದ ಸೆರಗು ಸರಿಪಡಿಸಿಕೊಂಡರು.

"ಇದ ಯಾರೂ ಮುಟ್ಟಿಲ್ಲ ಕಣಪ್ಪ" ಎಂದರು. "ನೀವೇನೂ ಯೋಚ್ನೆ ಮಾಡ್ಬೇಡಿ."

ಹಿಡ್ಕಳಿ ಎಂಬ ಒಂದೇ ಒಂದು ಮಾತು ಸಿದ್ದೇಶನ ನಾಲಗೆಯ ತುದಿಯವರೆಗೂ ಬಂತು. ಆದರೆ ಅದಕ್ಕೆ ಯಾರ ಸಹಿಯೂ ಆಗಿರಲಿಲ್ಲ. ಆದ್ದರಿಂದ ಎಲ್ಲರಿಗೂ ಕೈಮುಗಿದು, ಸಹಕಾರಕ್ಕಾಗಿ ಕೇಂದ್ರದ ಪರವಾಗಿ ವಂದನೆಗಳನ್ನು ತಿಳಿಸಿದ.